ಅಂಗಳದ ಕಾಂಕ್ರೀಟ್ ಕೆಳಗಿನ ವೈರು: ಒಂದು ಪ್ರಕರಣ

ಸಾಗರ ತಾಲ್ಲೂಕಿನ ಒಂದು ಅಡಿಕೆ ಬೆಳೆಗಾರರ ಮನೆ. ಮುಂದೆ ದೊಡ್ಡ ಅಂಗಳ, ಅಂಗಳದ ಆಚೆ ಕೊಟ್ಟಿಗೆ. ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿ ಹದಿನೈದು ವರ್ಷದ ಮೇಲಾಗಿದೆ. ಜಗಲಿಯ ಬೋರ್ಡಿನಿಂದ ಕೊಟ್ಟಿಗೆಗೆ ಹೋಗುವ ವೈರು ಆ ಕಾಂಕ್ರೀಟಿನ ಅಡಿಯಲ್ಲಿ ಎಲ್ಲೋ ಇದೆ. ಎಲ್ಲಿ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹಾಕಿದವರು ಊರು ಬಿಟ್ಟಿದ್ದಾರೆ. ನಕ್ಷೆ ಬರೆದಿಡುವ ಅಭ್ಯಾಸ ನಮ್ಮ ಕಡೆ ಮೊದಲೇ ಇಲ್ಲ.

ಎರಡು ತಾಪತ್ರಯ ಒಟ್ಟಿಗೆ ಬಂದಿದ್ದವು. ಮಳೆ ಹಿಡಿದರೆ ಸಾಕು, ಮನೆಯ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ಚು, ಟ್ರಿಪ್ ಆಗುತ್ತಿತ್ತು. ಅದು ಹಳೇ ಕಾಯಿಲೆ. ಹೊಸದು ಅಂದರೆ, ಅಡಿಕೆ ಒಣಗಿಸಲು ಅಂಗಳಕ್ಕೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹೊದಿಸಬೇಕು ಅಂತ ಮನೆಯವರು ತೀರ್ಮಾನಿಸಿದ್ದರು. ಒಂದೊಂದು ಕಂಬಕ್ಕೂ ಎರಡಡಿ ಆಳದ ಗುಂಡಿ. ವೆಲ್ಡಿಂಗ್‌ನವರು ಬಂದು ಗುರುತು ಹಾಕಿ ಹೋಗಿದ್ದರು. ಆ ಗುರುತಿನ ಕೆಳಗೇ ವೈರು ಇದ್ದರೆ? ದೀಪಾವಳಿ ಹೊತ್ತಿಗೆ ಕೊಯ್ಲು ಶುರುವಾಗುತ್ತದೆ, ಅಷ್ಟರೊಳಗೆ ಶೀಟ್ ಏರಬೇಕು. ನನ್ನನ್ನು ಕರೆದದ್ದು ಈ ಗಡಿಬಿಡಿಯಲ್ಲಿ.

"ಬೇಸಿಗೆಯಲ್ಲಿ ಬಂದು ನೋಡಿದ್ರೆ ಆಗಲ್ವಾ?" ಅಂತ ಯಜಮಾನರು ಕೇಳಿದ್ದರು. ಆಗುವುದಿಲ್ಲ. ಒಣಗಿದ ಮೇಲೆ ಲೀಕೇಜ್ ಅಡಗಿ ಕೂರುತ್ತದೆ, ಮೀಟರಿಗೆ ಏನೂ ಸಿಗುವುದಿಲ್ಲ. ಒದ್ದೆ ಇರುವಾಗಲೇ ಹಿಡಿಯಬೇಕು.

ಎಂಸಿಬಿ ಆಫ್, ಆದರೂ ಟ್ರಿಪ್

ಮನೆಯವರು ತಮ್ಮ ಮಟ್ಟಿಗೆ ತನಿಖೆ ಮುಗಿಸಿದ್ದರು. ಕೊಟ್ಟಿಗೆಯ ಎಂಸಿಬಿ (ಬೋರ್ಡಿನಲ್ಲಿ ಆ ಲೈನಿಗೆ ಇರುವ ಸ್ವಿಚ್ಚು) ಆಫ್ ಮಾಡಿ ನೋಡಿದ್ದಾರೆ. ಆದರೂ ಟ್ರಿಪ್ ಆಗಿದೆ. ಅಂದಮೇಲೆ ಕೊಟ್ಟಿಗೆ ಲೈನ್ ಸರಿ ಇದೆ, ತೊಂದರೆ ಬೇರೆಲ್ಲೋ ಇದೆ ಅಂತ ಲೆಕ್ಕ. ಗೀಸರ್ ಹಾಕಿದಾಗ ಜಾಸ್ತಿ ಟ್ರಿಪ್ ಆಗುತ್ತದೆ ಅಂತ ಗೀಸರಿನ ಕಾಯಿಲ್ ಬದಲಾಯಿಸಿದ್ದಾರೆ. ಆರ್‌ಸಿಸಿಬಿಯೇ ಕೆಟ್ಟಿದೆ ಅಂತ ಅದನ್ನೂ ಹೊಸದು ಹಾಕಿಸಿದ್ದಾರೆ. ಕೊನೆಗೆ ಯಾರೋ ಪುಣ್ಯಾತ್ಮರು, "ಆ ಡಬ್ಬಿ ತೆಗೆದು ಡೈರೆಕ್ಟ್ ಮಾಡ್ಕೊಳ್ಳಿ ಮಾರಾಯ್ರೆ, ರಗಳೆಯೇ ಇರಲ್ಲ" ಅಂತ ಸಲಹೆ ಕೊಟ್ಟಿದ್ದರು. ಯಜಮಾನರು ಅದಕ್ಕೆ ಒಪ್ಪಲಿಲ್ಲ, ಪುಣ್ಯಕ್ಕೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಯಾಕಂದರೆ ಇಡೀ ಪ್ರಕರಣ ವರ್ಷಗಟ್ಟಲೆ ದಾರಿ ತಪ್ಪಿದ್ದು ಇದೊಂದರಿಂದ. ನಮ್ಮ ಮನೆಗಳ ಡಿಬಿಯಲ್ಲಿ, ಅಂದರೆ ಈ ಸ್ವಿಚ್ಚುಗಳೆಲ್ಲ ಇರುವ ಬೋರ್ಡಿನಲ್ಲಿ, ಲೈಟು, ಪ್ಲಗ್ಗುಗಳಿಗೆ ಇರುವುದು ಸಿಂಗಲ್ ಪೋಲ್ ಎಂಸಿಬಿ. ಅದು ಫೇಸ್ ಮಾತ್ರ ಕತ್ತರಿಸುತ್ತದೆ. ನ್ಯೂಟ್ರಲ್ ವೈರು ನ್ಯೂಟ್ರಲ್ ಪಟ್ಟಿಗೆ ಸೇರಿಕೊಂಡೇ ಇರುತ್ತದೆ. ಆರ್‌ಸಿಸಿಬಿ ನೋಡುವುದು ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೋ ಇಲ್ಲವೋ ಅಂತ. ಕೊಟ್ಟಿಗೆ ಲೈನಿನ ನ್ಯೂಟ್ರಲ್ ಎಲ್ಲೋ ನೆಲಕ್ಕೆ ತಾಗಿದೆ ಅಂತ ಇಟ್ಟುಕೊಳ್ಳಿ. ಗೀಸರ್ ಹಾಕುತ್ತೀರಿ. ಅದರ ವಾಪಸ್ ಕರೆಂಟಿನಲ್ಲಿ ಒಂದು ಚೂರು ಈ ಅಡ್ಡದಾರಿ ಹಿಡಿದು ಅರ್ತಿಂಗ್ ಮೂಲಕ ಹೋಗುತ್ತದೆ. ಲೆಕ್ಕ ತಪ್ಪುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ಗೀಸರಿನದು ಏನೂ ತಪ್ಪಿಲ್ಲ. ಕೊಟ್ಟಿಗೆಯ ಎಂಸಿಬಿ ಆನ್ ಇರಲಿ, ಆಫ್ ಇರಲಿ, ವ್ಯತ್ಯಾಸವೇ ಇಲ್ಲ.

ನಾನು ಮೊದಲು ಮಾಡಿದ್ದು ಗೀಸರ್ ಹಾಕಿಸಿ, ಬೋರ್ಡಿನಲ್ಲಿ ನ್ಯೂಟ್ರಲ್‌ಗೂ ಅರ್ತಿಗೂ ನಡುವೆ ವೋಲ್ಟೇಜ್ ನೋಡಿದ್ದು. ಕೊಟ್ಟಿಗೆಯ ನ್ಯೂಟ್ರಲ್ ಬಿಚ್ಚಿಟ್ಟು ಅಳೆದಾಗ 4 ವೋಲ್ಟ್ ಇತ್ತು. ಲೈನಿನ ಕೊನೆಯಲ್ಲಿರುವ ಹಳ್ಳಿ ಮನೆಗಳಲ್ಲಿ ಇದು ಮಾಮೂಲು. ಗೀಸರ್ ಇಲ್ಲದಾಗ ಅರ್ಧ ವೋಲ್ಟಿನ ಆಸುಪಾಸು. ಇನ್ನು, ಬಿಚ್ಚಿಟ್ಟಾಗ ಗೀಸರ್ ಎಷ್ಟು ಹೊತ್ತು ಓಡಿದರೂ ಟ್ರಿಪ್ ಆಗಲಿಲ್ಲ. ವಾಪಸ್ ಜೋಡಿಸಿದ ತಕ್ಷಣ ಬಿತ್ತು. ಇಷ್ಟರಲ್ಲೇ ಕಳ್ಳ ಯಾವ ಲೈನಿನಲ್ಲಿದ್ದಾನೆ ಅಂತ ಗೊತ್ತಾಯಿತು.

ಆಮೇಲೆ ಮೈನ್ ಆಫ್. ಯುಪಿಎಸ್ ಕೂಡ ಆಫ್. ಮಲೆನಾಡಿನಲ್ಲಿ ಕರೆಂಟು ಹೋಗುವುದು ಮಳೆಯಷ್ಟೇ ಖಾತ್ರಿ, ಹಾಗಾಗಿ ಎಲ್ಲರ ಮನೆಯಲ್ಲೂ ಯುಪಿಎಸ್ ಇರುತ್ತದೆ. ಮೈನ್ ಆಫ್ ಆದ ಕೂಡಲೇ ಅದು ಆನ್ ಆಗಿ ಬೋರ್ಡಿಗೆ 230 ವೋಲ್ಟ್ ಕೊಡುತ್ತದೆ. ಇದನ್ನು ಮರೆತು ಕೈ ಹಾಕಿದವರು ಇದ್ದಾರೆ. ಕೊಟ್ಟಿಗೆಯ ಮೂರೂ ವೈರನ್ನು ಎರಡೂ ತುದಿಯಲ್ಲಿ ಬಿಚ್ಚಿ, ಕರೆಂಟು ಇಲ್ಲ ಅಂತ ಮೀಟರಿನಲ್ಲಿ ನೋಡಿ, ಆಮೇಲೆ ಮೆಗ್ಗರ್ ಹಿಡಿದೆ. ವೈರಿನ ಸಿಪ್ಪೆ ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುವ ಮೀಟರ್ ಅದು. 500 ವೋಲ್ಟಿನಲ್ಲಿ ಫೇಸ್‌ಗೂ ಅರ್ತ್ ವೈರಿಗೂ ನಡುವೆ ಸುಮಾರು 2 ಮೆಗಓಮ್. ಹಳೇ ಒದ್ದೆ ಪೈಪಿಗೆ ಪರವಾಗಿಲ್ಲ, 1 ಮೆಗಓಮ್‌ಗಿಂತ ಮೇಲಿದೆ. ನ್ಯೂಟ್ರಲ್‌ಗೂ ಅರ್ತಿಗೂ ನಡುವೆ ಮುಳ್ಳು ಸೊನ್ನೆಗೆ ಬಿದ್ದಿತು.

ಮೆಗ್ಗರಿನ ಸೊನ್ನೆ ಅಂದರೆ ನಿಜವಾದ ಸೊನ್ನೆ ಅಂತ ಅಲ್ಲ, ಅದರ ಅಳತೆಗೆ ಸಿಗದಷ್ಟು ಕಡಿಮೆ ಅಂತ. ಸಾದಾ ಮಲ್ಟಿಮೀಟರಿನಲ್ಲಿ ನೋಡಿದರೆ 92 ಓಮ್. ಮೀಟರಿನ ಕಡ್ಡಿ ಅದಲು ಬದಲು ಮಾಡಿದರೆ 130. ಒಂದೇ ಜಾಗ, ಎರಡು ಲೆಕ್ಕ. ಇದು ನೀರಿನ ಗುರುತು. ತಾಮ್ರಕ್ಕೆ ತಾಮ್ರ ನೇರವಾಗಿ ತಾಗಿದ್ದರೆ ಎರಡೂ ಕಡೆ ಒಂದೇ ತೋರಿಸಬೇಕಿತ್ತು. ಕೆಸರು ನೀರು ಮಧ್ಯೆ ಇದ್ದಾಗ ಅದು ಸಣ್ಣ ಬ್ಯಾಟರಿಯ ಹಾಗೆ ಕೆಲಸ ಮಾಡಿ ಮೀಟರನ್ನು ಕೆಣಕುತ್ತದೆ. ಸರಾಸರಿ 110 ಓಮ್ ಅಂತ ಹಿಡಿದರೆ, 4 ವೋಲ್ಟಿಗೆ 36 ಮಿಲಿಆಂಪಿಯರ್. ಅರ್ತ್ ಗುಂಡಿಯ ರೆಸಿಸ್ಟೆನ್ಸ್ ಸೇರಿಸಿದರೂ 30ರ ಮೇಲೇ ನಿಲ್ಲುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೀಳದೇ ಇನ್ನೇನು ಮಾಡೀತು?

"ನ್ಯೂಟ್ರಲ್ ತಾನೆ, ಶಾಕ್ ಹೊಡೆಯಲ್ಲ, ಬಿಡಿ" ಅನ್ನುವವರಿಗೆ ಒಂದು ಮಾತು. ಕಂಬದಿಂದ ಬರುವ ನ್ಯೂಟ್ರಲ್ ಗಾಳಿಗೆ ಕಡಿದು ಬಿತ್ತು ಅಂದರೆ, ಮನೆಯೊಳಗಿನ ನ್ಯೂಟ್ರಲ್ ಪೂರ್ತಿ ಫೇಸಿನ ಮಟ್ಟಕ್ಕೆ ಏರಬಹುದು. ಮಲೆನಾಡಿನ ಆಷಾಢದಲ್ಲಿ ಇದು ಅಪರೂಪ ಅಲ್ಲ. ಆಗ ಕೊಟ್ಟಿಗೆಯ ಒದ್ದೆ ನೆಲದಲ್ಲಿ ದನ ನಿಂತಿರುತ್ತದೆ. ದನದ ಮುಂಗಾಲಿಗೂ ಹಿಂಗಾಲಿಗೂ ನಡುವೆ ಮನುಷ್ಯನ ಹೆಜ್ಜೆಗಿಂತ ಅಂತರ ಜಾಸ್ತಿ, ಕರೆಂಟು ಹೋಗುವುದು ಎದೆಯ ಮೂಲಕವೇ. ನಮಗೆ ಚುರ್ ಅನ್ನುವಷ್ಟು ಅದಕ್ಕೆ ಸಾಯುವಷ್ಟು ಆಗಬಹುದು.

ಒಡೆಯದೆ ಅಳೆಯುವುದು

ಮೇಸ್ತ್ರಿ ಕಾಂಕ್ರೀಟ್ ಒಡೆಯುವ ಬ್ರೇಕರ್ ಸಮೇತ ತಯಾರಾಗಿ ನಿಂತಿದ್ದರು. ಬೋರ್ಡಿನಿಂದ ಕೊಟ್ಟಿಗೆಯ ಬಾಗಿಲಿಗೆ ಸೀದಾ ದಾರ ಹಿಡಿದು, ಆ ಗೆರೆಯಲ್ಲಿ ಒಡೆಯುತ್ತಾ ಹೋದರೆ ಪೈಪು ಸಿಗುತ್ತದೆ ಅಂತ ಅವರ ಲೆಕ್ಕ. ನಾನು ಬೇಡ ಅಂದೆ. ಜಗಲಿಯ ನೆಲ ಹಳೇ ರೆಡ್ ಆಕ್ಸೈಡ್. ಅದನ್ನು ಒಂದು ಕಡೆ ಒಡೆದರೆ ಎಂಥಾ ಗಾರೆಯವರು ತೇಪೆ ಹಾಕಿದರೂ ಬಣ್ಣ ಕೂಡುವುದಿಲ್ಲ.

ವೈರಿನ ಎರಡು ತುದಿ ನಮ್ಮ ಕೈಯಲ್ಲಿವೆ. ಅದರ ಉದ್ದ ಎಷ್ಟು, ಲೀಕೇಜ್ ಎಷ್ಟು ದೂರದಲ್ಲಿದೆ ಅನ್ನುವುದನ್ನು ಆ ತುದಿಗಳಿಂದಲೇ ತಿಳಿಯಬಹುದು. ಇದಕ್ಕೆ ದುಬಾರಿ ಸಲಕರಣೆ ಬೇಡ. ಒಂದು 12 ವೋಲ್ಟ್ ಬೈಕ್ ಬ್ಯಾಟರಿ, ಒಂದು 10 ವ್ಯಾಟಿನ ಇಂಡಿಕೇಟರ್ ಬಲ್ಬು, ಎರಡು ಮಲ್ಟಿಮೀಟರ್.

ಕೊಟ್ಟಿಗೆಯ ತುದಿಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಸಿಪ್ಪೆ ಕೆರೆದು, ಹೊಳೆಯುವ ಹಾಗೆ ಉಜ್ಜಿ, ಇಕ್ಕಳದಲ್ಲಿ ಬಿಗಿಯಾಗಿ ತಿರುಚಿದೆವು. ಮನೆಯ ತುದಿಯಲ್ಲಿ ಬಲ್ಬಿನ ಮೂಲಕ ಬ್ಯಾಟರಿ ಜೋಡಿಸಿದೆವು. ಕರೆಂಟು ಫೇಸಿನಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತದೆ. ಮೀಟರಿನಲ್ಲಿ 0.80 ಆಂಪಿಯರ್. ಎರಡನೇ ಮೀಟರನ್ನು ಫೇಸ್, ನ್ಯೂಟ್ರಲ್ ತುದಿಗಳ ಮೇಲೆ ಇಟ್ಟಾಗ 404 ಮಿಲಿವೋಲ್ಟ್. ಕಡ್ಡಿ ಇಡಬೇಕಾದ್ದು ತಾಮ್ರದ ಮೇಲೆಯೇ, ಬ್ಯಾಟರಿಯ ಕ್ಲಿಪ್ಪಿನ ಮೇಲೆ ಅಲ್ಲ. ಕ್ಲಿಪ್ಪಿನ ಹಿಡಿತದಲ್ಲೇ ಹತ್ತಿಪ್ಪತ್ತು ಮಿಲಿವೋಲ್ಟ್ ತಿಂದುಹೋಗುತ್ತದೆ.

ಎರಡೂ ವೈರು ಒಂದೇ ದಪ್ಪ, ಹಾಗಾಗಿ ಒಂದೊಂದಕ್ಕೆ 202 ಮಿಲಿವೋಲ್ಟ್. 0.80ರಿಂದ ಭಾಗಿಸಿದರೆ ಸುಮಾರು 0.252 ಓಮ್. 2.5 ಸ್ಕ್ವೇರ್ ಎಂಎಂ ತಾಮ್ರದ ಮಲ್ಟಿಸ್ಟ್ರ್ಯಾಂಡ್ ವೈರಿಗೆ 20 ಡಿಗ್ರಿ ಶಾಖದಲ್ಲಿ ಕಿಲೋಮೀಟರಿಗೆ 7.98 ಓಮ್. ಶಾಖ ಐದು ಡಿಗ್ರಿ ಜಾಸ್ತಿಯಾದರೆ ಶೇಕಡಾ 2ರಷ್ಟು ಏರುತ್ತದೆ, ಅಂದರೆ 8.14. ಲೆಕ್ಕ ಹಾಕಿದರೆ ವೈರಿನ ಉದ್ದ 31 ಮೀಟರ್.

ಟೇಪ್ ಹಿಡಿದು ನೋಡಿದರೆ ಗೋಡೆಯ ಬುಡದಿಂದ ಗೋಡೆಯ ಬುಡಕ್ಕೆ ಸೀದಾ 22 ಮೀಟರ್. ಎರಡೂ ಕಡೆ ಬೋರ್ಡಿಗೆ ಏರುವುದು ಒಂದೂವರೆ ಮೀಟರ್, ಪೆಟ್ಟಿಗೆಯೊಳಗೆ ಸುತ್ತಿಟ್ಟದ್ದು ಚೂರುಪಾರು. ಒಟ್ಟು 26 ಆಗಬೇಕಿತ್ತು. ಮಿಕ್ಕ 5 ಮೀಟರ್ ಎಲ್ಲಿ ಹೋಯಿತು? ಪೈಪು ಸೀದಾ ಹೋಗಿಲ್ಲ, ಎಲ್ಲೋ ಸುತ್ತು ಹಾಕಿದೆ. ಮೇಸ್ತ್ರಿ ಬ್ರೇಕರ್ ಬದಿಗಿಟ್ಟು ಎಲೆಯಡಿಕೆ ಚೀಲ ತೆಗೆದರು.

ಈಗ ಲೀಕೇಜಿನ ಜಾಗ. ಪೈಪಿನೊಳಗೆ ಮೂರನೇ ವೈರು ಇದೆಯಲ್ಲ, ಅರ್ತಿನದು. ಹಳೇ ಪದ್ಧತಿಯಂತೆ ಸಿಪ್ಪೆಯಿಲ್ಲದ ಬರೀ ತಾಮ್ರದ ತಂತಿ. ಅದರ ಎರಡೂ ತುದಿ ಬಿಚ್ಚಿಟ್ಟಿದ್ದೇವೆ. ಲೀಕೇಜ್ ಇರುವ ಜಾಗದಲ್ಲಿ ಮಾತ್ರ ಅದು ಕೆಸರಿನ ಮೂಲಕ ನ್ಯೂಟ್ರಲ್‌ಗೆ ತಾಗಿದೆ. ಬ್ಯಾಟರಿ ಕರೆಂಟು ಓಡುತ್ತಿರುವಾಗ ಮನೆಯ ತುದಿಯಲ್ಲಿ ನ್ಯೂಟ್ರಲ್‌ಗೂ ಈ ಅರ್ತ್ ತಂತಿಗೂ ಮೀಟರ್ ಹಿಡಿದರೆ, ಮನೆಯಿಂದ ಲೀಕೇಜಿನ ತನಕ ಇರುವ ನ್ಯೂಟ್ರಲ್ ತುಂಡಿನ ವೋಲ್ಟೇಜು ಸಿಗುತ್ತದೆ. ಮಧ್ಯದ ಕೆಸರು 110 ಓಮ್ ಇದ್ದರೂ ತೊಂದರೆ ಇಲ್ಲ. ಮೀಟರಿನ ಒಳಗಿರುವುದು 10 ಮೆಗಓಮ್, ಅದರ ಮುಂದೆ 110 ಓಮ್ ಯಾವ ಲೆಕ್ಕ?

ತೊಂದರೆ ಕೊಡುವುದು ಆ ಕೆಸರಿನ ಬ್ಯಾಟರಿ. ನಮ್ಮ ಬ್ಯಾಟರಿ ಬಿಚ್ಚಿದರೂ ಮೀಟರ್ 38 ಮಿಲಿವೋಲ್ಟ್ ತೋರಿಸುತ್ತಿತ್ತು. ಇದಕ್ಕೆ ಉಪಾಯ ಸುಲಭ. ಒಂದು ಸಲ ಅಳೆಯುವುದು, ಬ್ಯಾಟರಿಯ ತುದಿ ತಿರುಗಿಸಿ ಇನ್ನೊಂದು ಸಲ ಅಳೆಯುವುದು. ಮೊದಲ ಸಲ 142 ಬಂತು. ತಿರುಗಿಸಿದಾಗ ಮೈನಸ್ 66. ಎರಡರ ಅಂತರ 208, ಅದರ ಅರ್ಧ 104. ಕೆಸರಿನ 38 ಎರಡೂ ಕಡೆ ಒಂದೇ ದಿಕ್ಕಿನಲ್ಲಿ ಇರುವುದರಿಂದ ಕಳೆದು ಹೋಗುತ್ತದೆ. ಖಾತ್ರಿಗೆ ಫೇಸಿನ ಕಡೆಯಿಂದಲೂ ಹೀಗೇ ತಿರುಗಿಸಿ ಅಳೆದೆವು, 300 ಬಂತು. 104 ಮತ್ತು 300 ಕೂಡಿದರೆ 404. ಲೆಕ್ಕ ಸರಿಹೋಯಿತು.

202ರಲ್ಲಿ 104 ಅಂದರೆ ಅರ್ಧಕ್ಕಿಂತ ಚೂರು ಜಾಸ್ತಿ. 31 ಮೀಟರಿನಲ್ಲಿ 16 ಮೀಟರ್. ಬೋರ್ಡಿನ ಇಳಿತ, ಸುತ್ತಿಟ್ಟದ್ದು ಕಳೆದರೆ ಗೋಡೆಯ ಬುಡದಿಂದ ಪೈಪಿನ ದಾರಿಯಲ್ಲಿ 14 ಮೀಟರ್. ಒಂದು ಮಿಲಿವೋಲ್ಟ್ ತಪ್ಪಿದರೆ 15 ಸೆಂಟಿಮೀಟರ್ ತಪ್ಪುತ್ತದೆ. ಮಧ್ಯೆ ಎಲ್ಲಾದರೂ ತುಕ್ಕು ಹಿಡಿದ ಜಾಯಿಂಟ್ ಇದ್ದರೆ, ಇಲ್ಲಾ ಬೇರೆ ದಪ್ಪದ ವೈರು ಸೇರಿಸಿದ್ದರೆ ಇನ್ನೂ ಜಾಸ್ತಿ ತಪ್ಪುತ್ತದೆ. ಅದಕ್ಕೇ ಈ 14 ಮೀಟರನ್ನು ಅರ್ಧ ಮೀಟರ್ ಆಚೀಚೆ ಅಂತಲೇ ಹಿಡಿಯಬೇಕು.

ಆದರೆ ಯಾವ ದಿಕ್ಕಿಗೆ 14 ಮೀಟರ್?

ದಾರಿ ಹುಡುಕಿದ್ದು

ಯಜಮಾನರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು, ರಜೆಗೆ ಬಂದಿದ್ದ. ಅವನು ಮೊಬೈಲಿನಲ್ಲಿ ಲೋಹ ಹುಡುಕುವ ಆಪ್ ಹಾಕಿಕೊಂಡು ಅಂಗಳವೆಲ್ಲ ಓಡಾಡಿದ್ದನಂತೆ. ಗೇಟಿನ ಹತ್ತಿರ ಚೆನ್ನಾಗಿ ಕಿರುಚಿತು ಅಂದ. ಕಿರುಚಲೇಬೇಕು, ಅಲ್ಲಿ ಪಿಕಪ್ ಗಾಡಿ ಬಂದು ನಿಲ್ಲುವ ಜಾಗ ಅಂತ ಕಾಂಕ್ರೀಟಿಗೆ 8 ಎಂಎಂ ಸರಳು ಕಟ್ಟಿದ್ದಾರೆ. ಮೊಬೈಲಿನೊಳಗೆ ಇರುವುದು ದಿಕ್ಸೂಚಿಯ ಚಿಪ್ಪು. ಅದಕ್ಕೆ ಕಬ್ಬಿಣ ಕಾಣುತ್ತದೆ, ಪಿವಿಸಿ ಪೈಪಿನೊಳಗಿನ ತಾಮ್ರ ಕಾಣುವುದಿಲ್ಲ. ಬೀಪ್ ಅನ್ನುವ ಪೆನ್ ಟೆಸ್ಟರ್ ಕೂಡ ಇಂಥ ಕಡೆ ಉಪಯೋಗವಿಲ್ಲ. ಅದು ಹಿಡಿಯುವ ವಿದ್ಯುತ್ ಕ್ಷೇತ್ರ ಒದ್ದೆ ಕಾಂಕ್ರೀಟಿನಲ್ಲೇ ಇಂಗಿ ಹೋಗುತ್ತದೆ.

ಹಳಬರ ಒಂದು ಉಪಾಯ ಇತ್ತು. ಲೈನಿಗೆ ಫ್ಯಾನಿನ ಡಿಮ್ಮರ್ ಹಾಕಿ, ಆ ಕಡೆ ಒಂದು ಸಾದಾ ಬಲ್ಬು ಅರ್ಧ ಉರಿಸಿ, ಟ್ರಾನ್ಸಿಸ್ಟರ್ ರೇಡಿಯೋ ಹಿಡಿದು ನಡೆಯುವುದು. ಡಿಮ್ಮರ್ ಎಬ್ಬಿಸುವ ಗೊರಗೊರ ಸದ್ದು ವೈರಿನ ಮೇಲೆ ಬಂದಾಗ ಜೋರಾಗುತ್ತದೆ. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸಿನಿಂದ ಮುಳ್ಳು ಚೂರು ಆಚೆ ಸರಿಸಿ, ಖಾಲಿ ಜಾಗದಲ್ಲಿ ಇಟ್ಟುಕೊಳ್ಳಬೇಕು. ಗೋಡೆಯೊಳಗಿನ ವೈರಿಗೆ ಇದು ಈಗಲೂ ಕೆಲಸ ಮಾಡುತ್ತದೆ. ಈಗ ಮನೆ ತುಂಬಾ ಎಲ್‌ಇಡಿ ಬಲ್ಬು, ಚಾರ್ಜರು. ಎಲ್ಲವೂ ಗೊರಗೊರ ಅನ್ನುತ್ತವೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಲೈನೇ ಒದ್ದೆಯಾಗಿರುವಾಗ ಕರೆಂಟು ಹರಿಸಿ ಹುಡುಕುವ ಪ್ರಶ್ನೆಯೇ ಇಲ್ಲ.

ನಾವು ಬಳಸಿದ್ದು ಕೇಬಲ್ ಲೊಕೇಟರ್. ಒಂದು ಟ್ರಾನ್ಸ್‌ಮಿಟರ್ ಡಬ್ಬಿ, ಒಂದು ರಿಸೀವರ್ ಕೋಲು. ಡಬ್ಬಿ ವೈರಿಗೆ 33 ಕಿಲೋಹರ್ಟ್ಸ್ ಸಿಗ್ನಲ್ ಕೊಡುತ್ತದೆ, ಕೋಲಿನೊಳಗಿನ ಕಾಯಿಲ್ ಅದರ ಕಾಂತಕ್ಷೇತ್ರ ಹಿಡಿಯುತ್ತದೆ. ಕೇಳಲು ಸರಳ. ಇದರಲ್ಲಿ ಎಷ್ಟೋ ಜನ ಸೋಲುವುದು ಜೋಡಣೆಯಲ್ಲಿ. ಡಬ್ಬಿಯ ಒಂದು ಕ್ಲಿಪ್ ಫೇಸಿಗೆ, ಇನ್ನೊಂದು ನ್ಯೂಟ್ರಲ್‌ಗೆ ಕೊಟ್ಟುಬಿಡುತ್ತಾರೆ. ಆಗ ಸಿಗ್ನಲ್ ಒಂದರಲ್ಲಿ ಹೋಗಿ ಪಕ್ಕದಲ್ಲೇ ಇರುವ ಇನ್ನೊಂದರಲ್ಲಿ ವಾಪಸ್ ಬರುತ್ತದೆ. ಎರಡರ ಕ್ಷೇತ್ರ ಒಂದನ್ನೊಂದು ಅಳಿಸಿ ಹಾಕುತ್ತದೆ. ಗೇಣು ಕಾಂಕ್ರೀಟಿನ ಮೇಲೆ ಏನೂ ಸಿಗುವುದಿಲ್ಲ. ವಾಪಸ್ ಬರುವ ದಾರಿ ಪೈಪಿನ ಹೊರಗೆ, ಮಣ್ಣಿನಲ್ಲಿ ಇರಬೇಕು.

ಹಾಗಾಗಿ ಒಂದು ಕ್ಲಿಪ್ ಫೇಸ್ ವೈರಿಗೆ ಮಾತ್ರ. ನ್ಯೂಟ್ರಲ್ ಬೇಡ, ಅದು ಮಧ್ಯದಲ್ಲೇ ಸೋರುತ್ತದೆ. ಇನ್ನೊಂದು ಕ್ಲಿಪ್ ಮನೆಯ ಪಕ್ಕದ ಹೂವಿನ ಪಾತಿಯಲ್ಲಿ ಹೊಡೆದ ಕಬ್ಬಿಣದ ಗೂಟಕ್ಕೆ. ಗೂಟ ಅಂಗಳದ ಕಡೆ ಇರಬಾರದು, ವೈರಿನ ದಿಕ್ಕಿಗೆ ಅಡ್ಡಲಾಗಿ ದೂರ ಇರಬೇಕು. ಕೊಟ್ಟಿಗೆಯ ತುದಿಯಲ್ಲೂ ಫೇಸ್ ವೈರನ್ನು ಇನ್ನೊಂದು ಗೂಟಕ್ಕೆ ಕಟ್ಟಿದೆವು. ಅರ್ತ್ ತಂತಿ, ನ್ಯೂಟ್ರಲ್ ಎರಡೂ ತುದಿಯಲ್ಲಿ ಬಿಚ್ಚಿಯೇ ಇದ್ದವು. ಮಳೆಗಾಲ ಆದ್ದರಿಂದ ಗೂಟಕ್ಕೆ ನೀರು ಹೊಯ್ಯುವ ಕೆಲಸ ಇರಲಿಲ್ಲ.

ಜಗಲಿಯ ಮೇಲೆ ಸಿಗ್ನಲ್ ಗಟ್ಟಿಯಾಗಿ ಸಿಕ್ಕಿತು. ಅಂಗಳಕ್ಕೆ ಇಳಿದ ಮೇಲೆ ಕೋಲನ್ನು ಕೊಟ್ಟಿಗೆಯ ಕಡೆ ಒಯ್ದರೆ ಸದ್ದು ಸಣ್ಣಗಾಗುತ್ತಿತ್ತು. ಬಲಕ್ಕೆ ತಿರುಗಿಸಿದರೆ ಜೋರು. ಸೀಮೆಸುಣ್ಣದಲ್ಲಿ ಗುರುತು ಹಾಕೋಣ ಅಂದರೆ ಪಾಚಿ ಕಟ್ಟಿದ ಒದ್ದೆ ಕಾಂಕ್ರೀಟಿನ ಮೇಲೆ ಅದು ಮೂಡುತ್ತಿರಲಿಲ್ಲ. ನಮ್ಮ ಹುಡುಗ ಜಗಲಿಯ ಮೂಲೆಯಲ್ಲಿದ್ದ ಗೋಟಡಿಕೆ ಬುಟ್ಟಿ ತಂದು, ನಾನು ಹೇಳಿದ ಕಡೆಯಲ್ಲೆಲ್ಲ ಒಂದೊಂದು ಇಡುತ್ತಾ ಬಂದ. ಸ್ವಲ್ಪ ಹೊತ್ತಿಗೆ ಅಂಗಳದ ಬಲ ಅಂಚಿನ ಕಡೆಗೆ ಓರೆಯಾಗಿ ಅಡಿಕೆಯ ಸಾಲು ಬಿತ್ತು. ಸೀದಾ ಗೆರೆಯಿಂದ ಇಪ್ಪತ್ತೈದು ಅಡಿ ಪಕ್ಕಕ್ಕೆ ಹೋಗಿ ಸಾಲು ಥಟ್ಟನೆ ಎಡಕ್ಕೆ ತಿರುಗಿತು. ಅಲ್ಲಿಂದ ಕೊಟ್ಟಿಗೆಗೆ ಇನ್ನೊಂದು ಓರೆ ಸಾಲು.

ತಿರುವಿನ ತನಕ ಟೇಪ್ ಹಿಡಿದೆವು. 14 ಮೀಟರ್.

ದಾರಿ ಹುಡುಕಿದ ಸಲಕರಣೆ ಬೇರೆ, ದೂರ ಹೇಳಿದ ಲೆಕ್ಕ ಬೇರೆ. ಎರಡೂ ಒಂದೇ ಕಡೆ ಬಂದು ನಿಂತವು. ಜಗಲಿಯಲ್ಲಿ ಕೂತು ನೋಡುತ್ತಿದ್ದ ಯಜಮಾನರ ತಾಯಿ ಆಗ ಬಾಯಿ ಬಿಟ್ಟರು: "ಅಲ್ಲಿ ಅಡಿಕೆ ಬೇಯ್ಸೋ ಒಲೆ ಇತ್ತಲ್ಲ ತಮ್ಮಾ. ಮಾಡು ಹಾಕಿ ಒಂದು ಬಲ್ಬ್ ಕೊಟ್ಟಿದ್ರು. ರಾತ್ರಿಯೆಲ್ಲ ಹಂಡೆ ಕಾಯ್ಬೇಕಿತ್ತು." ಅಲ್ಲಿಗೆ ಎಲ್ಲ ಬಿಡಿಸಿಕೊಂಡಿತು. ಮೊದಲು ಮನೆಯಿಂದ ಒಲೆಯ ಮಾಡಿಗೆ ಲೈನ್ ಎಳೆದಿದ್ದಾರೆ. ಆಮೇಲೆ ಕೊಟ್ಟಿಗೆಗೆ ಬೇಕಾದಾಗ ಹೊಸದಾಗಿ ಎಳೆಯುವ ಬದಲು ಅಲ್ಲಿಂದಲೇ ಜಾಯಿಂಟ್ ಕೊಟ್ಟು ಮುಂದೆ ಒಯ್ದಿದ್ದಾರೆ. ಒಲೆ ಹಿತ್ತಲಿಗೆ ಹೋಯಿತು, ಮಾಡು ಕಿತ್ತರು, ಜಾಯಿಂಟಿನ ಮೇಲೆ ಕಾಂಕ್ರೀಟ್ ಸುರಿದರು.

ಗುರುತು ಪಕ್ಕಾ ಮಾಡಲು ಇನ್ನೆರಡು ಕೆಲಸ ಮಾಡಿದೆವು. ರಿಸೀವರಿನಲ್ಲಿ ಎರಡು ಬಗೆ ಇರುತ್ತದೆ. ಒಂದರಲ್ಲಿ ವೈರಿನ ನೆತ್ತಿಯ ಮೇಲೆ ಸದ್ದು ಗರಿಷ್ಠ, ಇನ್ನೊಂದರಲ್ಲಿ ನೆತ್ತಿಯ ಮೇಲೆ ಸದ್ದು ಸೊನ್ನೆ. ಎರಡೂ ಒಂದೇ ಜಾಗ ತೋರಿಸಿದರೆ ನಂಬಬಹುದು. ಒಂದು ಗೇಣಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ, ಪಕ್ಕದಲ್ಲಿ ಬೇರೆ ಲೋಹ ಸಿಗ್ನಲ್ಲನ್ನು ಎಳೆಯುತ್ತಿದೆ ಅಂತ ಅರ್ಥ. ಎಲ್ಲ ಕಡೆ ಕೂಡಿತು, ಗೇಟಿನ ಹತ್ತಿರದ ಸರಳಿನ ಪಟ್ಟಿ ಒಂದು ಬಿಟ್ಟು. ಅಲ್ಲಿ 33 ಬಿಟ್ಟು 8 ಕಿಲೋಹರ್ಟ್ಸಿಗೆ ಇಳಿಸಿದೆವು. ಕಡಿಮೆ ಫ್ರೀಕ್ವೆನ್ಸಿ ಪಕ್ಕದ ಸರಳಿಗೆ ಅಷ್ಟಾಗಿ ಹಾರುವುದಿಲ್ಲ. ವ್ಯತ್ಯಾಸ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಆ ಪಟ್ಟಿಯಲ್ಲಿ ಎರಡಡಿ ಅಗಲದ ಜಾಗ ಪೂರಾ ಬಿಟ್ಟುಬಿಡಿ, ಅಲ್ಲಿ ಏನೂ ಕೊರೆಯಬೇಡಿ ಅಂತ ಹೇಳಿದೆ.

ಆಳ ತಿಳಿಯಲು ಕೋಲನ್ನು 45 ಡಿಗ್ರಿ ಓರೆ ಹಿಡಿದು, ಸದ್ದು ಸೊನ್ನೆಯಾಗುವ ತನಕ ಪಕ್ಕಕ್ಕೆ ಸರಿಯಬೇಕು. ಸರಿದ ದೂರ ಎಷ್ಟೋ ಆಳ ಅಷ್ಟೇ. ಸುಮಾರು 7 ಇಂಚು. 4 ಇಂಚು ಕಾಂಕ್ರೀಟ್, ಅದರ ಕೆಳಗೆ ಬರೀ 3 ಇಂಚು. ನೆಲದೊಳಗೆ ಕೇಬಲ್ ಹಾಕುವುದಾದರೆ ಆರ್ಮರ್ಡ್ ಕೇಬಲ್, ಎರಡೂವರೆ ಅಡಿ ಆಳ, ಮೇಲೆ ಮರಳು, ಇಟ್ಟಿಗೆ ಇರಬೇಕು. ಇಲ್ಲಿದ್ದದ್ದು ಮನೆಯ ಗೋಡೆಗೆ ಹಾಕುವ ಸಾದಾ ವೈರು, ತೆಳು ಪೈಪು.

ಮಳೆ ಹೊಳವಾದ ಮೇಲೆ ಪಾಚಿ ಉಜ್ಜಿ, ಅಡಿಕೆ ಎತ್ತಿ, ಹಳದಿ ಪೇಂಟಿನ ಗೆರೆ ಎಳೆದರು. ವೆಲ್ಡಿಂಗ್‌ನವರ ಗುರುತಿನಲ್ಲಿ ಒಂದು ಗುಂಡಿ ಸರಿಯಾಗಿ ಗೆರೆಯ ಮೇಲೆಯೇ ಇತ್ತು. ಇನ್ನೊಂದು ತಿರುವಿನಿಂದ ಒಂದು ಗೇಣು ಆಚೆ. ಸೀದಾ ಗೆರೆಯ ಲೆಕ್ಕದಲ್ಲಿ ಹೋಗಿದ್ದರೆ ಬಲ ಅಂಚು ಖಾಲಿ ಜಾಗ ಅಂತಲೇ ಎಲ್ಲರೂ ನಂಬುತ್ತಿದ್ದರು.

ಅಗೆದು ನೋಡಿದ್ದು

ಒಡೆದದ್ದು ಒಂದೇ ಕಡೆ, ತಿರುವಿನಲ್ಲಿ, ಒಂದೂವರೆ ಅಡಿ ಚೌಕ. ಅಂಚನ್ನು ಕಟ್ಟಿಂಗ್ ಮಿಷನ್ನಿನಲ್ಲಿ ಗೀರಿ, ಒಳಗಿನದನ್ನು ಚಾಣದಲ್ಲಿ ಬಿಡಿಸಿದರು. ಬ್ರೇಕರ್ ಮುಟ್ಟಲು ಬಿಡಲಿಲ್ಲ. ಕಾಂಕ್ರೀಟ್ ಎದ್ದ ಮೇಲೆ ಜಲ್ಲಿ, ಅದರ ಕೆಳಗೆ 8 ಇಂಚಿನಲ್ಲಿ ದುಂಡಗಿನ ಪಿವಿಸಿ ಜಂಕ್ಷನ್ ಬಾಕ್ಸು. ಮುಚ್ಚಳ ಮಧ್ಯಕ್ಕೆ ಸೀಳಿತ್ತು. ಒಳಗೆ ನೀರಿಗಿಂತ ಕೆಸರೇ ಜಾಸ್ತಿ, ಕಪ್ಪು ಹಸಿರು ಬಣ್ಣದ್ದು. ತಾಮ್ರ ಕರಗಿ ಬಂದ ಬಣ್ಣ ಅದು. ಫೇಸಿನ ಜಾಯಿಂಟಿಗೆ ಸುತ್ತಿದ ಟೇಪು ಇನ್ನೂ ಬಿಗಿಯಾಗಿತ್ತು. ನ್ಯೂಟ್ರಲಿನದು ಬಿಚ್ಚಿಕೊಂಡು ಅಂಟು ಮಾತ್ರ ಉಳಿದಿತ್ತು. ಅದರ ಬರೀ ತಾಮ್ರದ ಗಂಟಿಗೂ ಅರ್ತಿನ ಬರೀ ತಂತಿಗೂ ನಡುವೆ ಬೆರಳಿನಷ್ಟು ಅಂತರ, ಅಷ್ಟೂ ಕೆಸರು. ಕೆಸರು ತೋಡಿ, ಬಟ್ಟೆಯಲ್ಲಿ ಒರೆಸಿ, ಎರಡನ್ನೂ ದೂರ ಸರಿಸಿ ಮೆಗ್ಗರ್ ಹಾಕಿದರೆ ಸೊನ್ನೆಯಲ್ಲಿದ್ದ ಮುಳ್ಳು ಏರಿತು.

ಅದೇ ಜಾಯಿಂಟ್ ಒರೆಸಿ, ಹೊಸ ಟೇಪ್ ಸುತ್ತಿ, ಮತ್ತೆ ಮುಚ್ಚಿದರೆ ಆಗಲ್ವಾ ಅಂತ ಪ್ರಶ್ನೆ ಬಂತು. ಒಂದು ಮಳೆಗಾಲ ಆದೀತು. ಕಣ್ಣಿಗೆ ಕಾಣದ, ಕೈಗೆ ಸಿಗದ ಜಾಗದಲ್ಲಿ ಜಾಯಿಂಟ್ ಇಡುವುದಕ್ಕೆ ನನ್ನ ವಿರೋಧ ಇದೆ. ಅಲ್ಲೇ ಪಕ್ಕದಲ್ಲಿ ಹೇಗೂ ಕಂಬ ಬರುತ್ತದೆ. ಪೈಪಿನ ಬಾಯಿಯನ್ನು ಮೇಲಕ್ಕೆ ತಂದು, ಕಂಬಕ್ಕೆ ನಾಲ್ಕಡಿ ಎತ್ತರದಲ್ಲಿ ನೀರು ನುಗ್ಗದ ಬಾಕ್ಸ್ ಕೂರಿಸಿ, ಜಾಯಿಂಟ್ ಅದರೊಳಗೆ ಮಾಡುವುದು ಅಂತ ತೀರ್ಮಾನವಾಯಿತು.

ಮನೆಯಿಂದ ತಿರುವಿನ ತನಕ ಹಳೇ ವೈರು ಎಳೆದಾಗ ಸಲೀಸಾಗಿ ಬಂತು. ಅದಕ್ಕೇ ಹೊಸ ವೈರು ಕಟ್ಟಿ ಎಳೆದುಕೊಂಡೆವು, ಈ ಸಲ ಅರ್ತಿಗೂ ಹಸಿರು ಸಿಪ್ಪೆಯ ವೈರು. ಜಗಲಿಯ ನೆಲ ಮುಟ್ಟಲೇ ಇಲ್ಲ. ತಿರುವಿನಿಂದ ಕೊಟ್ಟಿಗೆಯ ಕಡೆಯದು ಅಲ್ಲಾಡಲಿಲ್ಲ. ಪೈಪಿನೊಳಗೆ ವೈರು ಎಳೆಯುವ ಸ್ಪ್ರಿಂಗ್ ಹಾಕಿದರೆ ನಾಲ್ಕಡಿ ಹೋಗಿ ಕೆಸರಿನಲ್ಲಿ ಕಚ್ಚಿಕೊಂಡಿತು. ಆ ಭಾಗ ಕೈಬಿಟ್ಟೆವು. ಎರಡೂ ತುದಿ ಕತ್ತರಿಸಿ, ಕ್ಯಾಪ್ ಹಾಕಿ, ಸತ್ತ ಲೈನ್ ಅಂತ ಬರೆದೆವು. ಶೀಟಿನ ಕಬ್ಬಿಣದ ತೊಲೆ ಕೊಟ್ಟಿಗೆಯ ತನಕ ಹೋಗುತ್ತದೆ, ಹೊಸ ಪೈಪು ಅದರ ಅಡಿಯಲ್ಲೇ ಕ್ಲ್ಯಾಂಪ್ ಹಾಕಿ ಹೋಯಿತು. ಇಡೀ ಕಬ್ಬಿಣದ ಚೌಕಟ್ಟಿಗೆ ಅರ್ತಿಂಗ್ ಕೊಟ್ಟೆವು, ಕೊಟ್ಟಿಗೆಗೆ ಬೇರೆ ಅರ್ತ್ ಗುಂಡಿ ತೆಗೆಸಿದೆವು.

ಬೋರ್ಡಿನಲ್ಲಿ ಕೊಟ್ಟಿಗೆಗೆ ಡಬಲ್ ಪೋಲ್ ಎಂಸಿಬಿ ಬಂತು. ಈಗ ಅದನ್ನು ಆಫ್ ಮಾಡಿದರೆ ಫೇಸ್, ನ್ಯೂಟ್ರಲ್ ಎರಡೂ ಕಡಿಯುತ್ತದೆ. ಮುಂದೆ ಯಾವಾಗಲಾದರೂ ಟ್ರಿಪ್ ಆದರೆ, ಆಫ್ ಮಾಡಿ ನೋಡುವ ಪರೀಕ್ಷೆಗೆ ಒಂದು ಅರ್ಥ ಇರುತ್ತದೆ. ಬೆಲೆಯ ವ್ಯತ್ಯಾಸ ದೊಡ್ಡದೇನಲ್ಲ. ಹೊರಗಿನ ಕಟ್ಟಡಕ್ಕೆ ಹೋಗುವ ಪ್ರತಿ ಲೈನಿಗೂ ಇದನ್ನೇ ಹಾಕಿಸಿ ಅಂತ ನಾನು ಹಟ ಮಾಡುತ್ತೇನೆ.

ಗೆರೆಯ ಮೇಲಿದ್ದ ಕಂಬವನ್ನು ಎರಡಡಿ ಸರಿಸಿದರು. ವೆಲ್ಡಿಂಗ್‌ನವರು ಸಾಲು ಕೆಡುತ್ತದೆ ಅಂತ ಗೊಣಗಿದರು, ಆದರೂ ಸರಿಸಿದರು. ಹಳದಿ ಗೆರೆ ಇರುವಾಗಲೇ ಟೇಪ್ ಹಿಡಿದು ಫೋಟೋ ತೆಗೆದು, ಗೋಡೆಯಿಂದ ಎಷ್ಟು ಅಡಿ, ತಿರುವು ಎಲ್ಲಿ, ಸತ್ತ ಭಾಗ ಯಾವುದು ಅಂತ ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಹಾಕಿಸಿ ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ್ದೇವೆ.

ಹೊಸ ವೈರಿನ ಮೆಗ್ಗರ್ ಲೆಕ್ಕ ಎಲ್ಲ ಜೋಡಿಯಲ್ಲೂ 100 ಮೆಗಓಮ್ ಮೇಲೆ. ಮರುವರ್ಷದ ಮಳೆಗಾಲದಲ್ಲಿ ಯಜಮಾನರ ಫೋನು ಬಂತು, ಮತ್ತೆ ಟ್ರಿಪ್ ಆಗ್ತಿದೆ ಮಾರಾಯ್ರೆ ಅಂತ. ಕೊಟ್ಟಿಗೆಯ ಡಬಲ್ ಪೋಲ್ ಆಫ್ ಮಾಡಿ ನೋಡಿ ಅಂದೆ. ಮಾಡಿದರು, ಟ್ರಿಪ್ ನಿಂತಿತು. ಹೋಗಿ ನೋಡಿದರೆ ಲೈನ್ ಚೆನ್ನಾಗಿಯೇ ಇತ್ತು. ದನಕ್ಕೆ ಬಿಸಿನೀರು ಮಾಡಲು ಕೊಟ್ಟಿಗೆಯ ಪ್ಲಗ್ಗಿಗೆ ಹಳೇ ಇಮ್ಮರ್ಷನ್ ಕಾಯಿಲ್ ಚುಚ್ಚಿದ್ದರು.